ತೋಟೆಯ ಅಂಕಿ, ಸರ್ಕಾರದ ಅಂಜಿಕೆ

ಭಾರತದಲ್ಲಿ ಇವತ್ತು ರೈಫಲ್ ಲೈಸೆನ್ಸ್ ಪಡೆದು ಕೋವಿ ಅಂಗಡಿಗೆ ಹೋದವರ ಮುಂದೆ ಆಯ್ಕೆಗಳು ಕಡಿಮೆ. ಗುರಿ ಅಭ್ಯಾಸಕ್ಕೆ .22 ಇದೆ. ಅದಕ್ಕಿಂತ ದೊಡ್ಡದು ಬೇಕೆಂದರೆ ಸರ್ಕಾರಿ ಕಾರ್ಖಾನೆಯ .315, ಇನ್ನೂ ಬಿರುಸಾದ ಹೊಡೆತ ಬೇಕೆಂದರೆ .30-06. ಪೊಲೀಸರ ಹೆಗಲ ಮೇಲೆ ದಶಕಗಳ ಕಾಲ ಕಂಡ .303 ಅನ್ನು ಮಾತ್ರ ಕೇಳುವಂತಿಲ್ಲ. ಸಾಮಾನ್ಯ ಪ್ರಜೆಗೆ ಅದು ನಿಷಿದ್ಧ. .303 ಮತ್ತು .315 ಎಂಬ ಎರಡು ಅಂಕಿಗಳ ನಡುವೆ ಇರುವ ಅಂತರ ಒಂದು ಮಿಲಿಮೀಟರಿನ ಮೂರನೇ ಒಂದು ಪಾಲಿಗಿಂತಲೂ ಕಡಿಮೆ. ಇಷ್ಟು ಸಣ್ಣ ಅಂತರದ ಈಚೆಗಿರುವ ತೋಟೆ ಅಪರಾಧ, ಆಚೆಗಿರುವ ತೋಟೆ ಸರ್ಕಾರವೇ ಮಾರುವ ಸರಕು ಆದದ್ದು ಹೇಗೆ? ಕೊಳ್ಳುವವರು ಸಾಮಾನ್ಯವಾಗಿ ಕೇಳುವುದು ಯಾವುದಕ್ಕೆ ಬಲ ಹೆಚ್ಚು ಎಂದು. ಆದರೆ ನಮ್ಮ ನೆಲದ ಮಟ್ಟಿಗೆ ಆ ಪ್ರಶ್ನೆಯಿಂದ ಉತ್ತರ ಸಿಗುವುದಿಲ್ಲ. ಒಂದನ್ನೊಂದು ಹೋಲುವ ರೈಫಲ್ ತೋಟೆಗಳನ್ನು ಇಲ್ಲಿ ಬೇರ್ಪಡಿಸಿದ್ದು ಆಳುವವರ ಅಂಜಿಕೆ. ಬೇಟೆಯ ಅಗತ್ಯವೂ ಗುಂಡಿನ ವೇಗವೂ ಅದರ ನಂತರದ ಮಾತು. ಈ ಇತಿಹಾಸ ತಿಳಿಯದೆ ಅಂಕಿಗಳನ್ನು ಮಾತ್ರ ಓದುವವರು ರೈಫಲ್ ಕೊಳ್ಳುವಾಗ ಎಡವುತ್ತಾರೆ.

ಮೊದಲು ಬಲದ ಲೆಕ್ಕವನ್ನೇ ನೋಡೋಣ. .303 ಬ್ರಿಟಿಷ್ ಸೇನೆಗೆ ಬಂದದ್ದು 1888ರಲ್ಲಿ, ಲೀ-ಮೆಟ್‌ಫರ್ಡ್ ರೈಫಲ್ಲಿನ ಜೊತೆಗೆ. ಅದರ ಹಳೆಯ ಉರುಟು ಮೂತಿಯ ಗುಂಡು ಸುಮಾರು 13.9 ಗ್ರಾಂ ತೂಗುತ್ತಿತ್ತು, ಸೆಕೆಂಡಿಗೆ ಸುಮಾರು 625 ಮೀಟರ್ ವೇಗದಲ್ಲಿ ನಳಿಗೆ ಬಿಡುತ್ತಿತ್ತು. ನಾವು .315 ಎನ್ನುವುದು ಅದೇ ಕಾಲದಲ್ಲಿ ಆಸ್ಟ್ರಿಯಾ-ಹಂಗೆರಿಯ ಸೇನೆ ಬಳಸಿದ 8 ಮಿಲಿಮೀಟರ್ ಮ್ಯಾನ್ಲಿಷರ್ ತೋಟೆ. ಅದರ ಗುಂಡಿನ ತೂಕ 15.8 ಗ್ರಾಂ, ವೇಗ ಸುಮಾರು 620 ಮೀಟರ್. ಅಂದರೆ ಪ್ರಜೆಗೆ ಸಿಕ್ಕಿದ್ದು ಇನ್ನೊಂದು ಸೇನೆಯ ತೋಟೆಯೇ, ಅದೂ ಇಲ್ಲಿನ ಸೇನೆಯ ಅಂದಿನ ತೋಟೆಗಿಂತ ಭಾರವಾದ ಗುಂಡಿನದು. ಇಂಗ್ಲೆಂಡಿನ ಬಿಎಸ್‌ಎ ಕಂಪನಿ ಭಾರತದ ಮಾರುಕಟ್ಟೆಗೆಂದೇ ಈ ತೋಟೆಗೆ ಹೊಂದುವ ರೈಫಲ್ ಮಾಡಿತು. ಅದರ ಬೋಲ್ಟು, ಒಟ್ಟು ಮೈಕಟ್ಟು ಎಲ್ಲ ಸೇನೆಯ ಲೀ-ಎನ್‌ಫೀಲ್ಡಿನದೇ. ಸ್ವಾತಂತ್ರ್ಯದ ನಂತರ ಬಂಗಾಳದ ಇಶಾಪುರದ ರೈಫಲ್ ಕಾರ್ಖಾನೆ ಆ ಪರಂಪರೆಯನ್ನು ಮುಂದುವರಿಸಿತು. ಅಪಾಯಕಾರಿ ಬಲವನ್ನು ಪ್ರಜೆಯಿಂದ ದೂರವಿಡುವುದೇ ನಿಷೇಧದ ಉದ್ದೇಶವಾಗಿದ್ದರೆ ಅದಕ್ಕೆ ಸಮವಾದ ಬಲವನ್ನು ಪಕ್ಕದ ಬಾಗಿಲಿನಿಂದ ಕೊಡುವುದರಲ್ಲಿ ಅರ್ಥವಿರಲಿಲ್ಲ. ಕಾರಣ ಬೇರೆ ಇದೆ. ಅದನ್ನು ಹುಡುಕಲು ತೋಟೆಯೇ ಇಲ್ಲದಿದ್ದ ಕಾಲಕ್ಕೆ ಹೋಗಬೇಕು.

ಹತ್ತೊಂಬತ್ತನೇ ಶತಮಾನದ ನಡುವಿನವರೆಗೆ ಈ ದೇಶದ ಹಳ್ಳಿಗಳಲ್ಲಿದ್ದವು ಬಾಯಿಂದ ಮದ್ದು ತುಂಬುವ ಕೋವಿಗಳು. ಅವುಗಳಿಗೆ ಬೇಕಾದ ಪೆಟ್ಲುಪ್ಪು, ಗಂಧಕ, ಇದ್ದಿಲು, ಸೀಸ ಎಲ್ಲವೂ ಸಂತೆಯಲ್ಲಿ ಸಿಗುತ್ತಿದ್ದವು. ಮದ್ದು ಅರೆಯುವುದೂ ಗುಂಡು ಎರೆಯುವುದೂ ಊರಿನಲ್ಲೇ ಆಗುತ್ತಿದ್ದ ಕೆಲಸ. ಇಂಥ ಕೋವಿಯನ್ನು ಸುಮ್ಮನಾಗಿಸಲು ಸರ್ಕಾರಕ್ಕೆ ಇದ್ದ ದಾರಿ ಒಂದೇ, ಕೋವಿಯನ್ನೇ ಕಿತ್ತುಕೊಳ್ಳುವುದು. 1857ರಲ್ಲಿ ಕಂಪನಿ ಸರ್ಕಾರ ಹೊರಡಿಸಿದ ನಿಶ್ಶಸ್ತ್ರೀಕರಣದ ಆಜ್ಞೆ ಇದನ್ನೇ ಮಾಡಹೊರಟಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದರು. ಆ ವರ್ಷದ ನವೆಂಬರ್ ಕೊನೆಯಲ್ಲಿ ಸೇನೆ ಊರಿನ ಮೇಲೆ ಬಿತ್ತು, ಊರು ಸುಟ್ಟಿತು, ಸೆರೆಸಿಕ್ಕವರಲ್ಲಿ ಹಲವರು ನೇಣಿಗೇರಿದರು. ಆ ಕತೆ ಲಾವಣಿಯಾಗಿ ಉತ್ತರ ಕರ್ನಾಟಕದಲ್ಲಿ ಇಂದಿಗೂ ಉಳಿದಿದೆ. ನಾಲ್ಕು ವರ್ಷಗಳೊಳಗೆ, 1861ರಲ್ಲಿ, ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕೊಡವರನ್ನು ಅವರ ನಿಷ್ಠೆಯ ಕಾರಣ ಹೇಳಿ ಇದೇ ನಿಶ್ಶಸ್ತ್ರೀಕರಣದಿಂದ ಹೊರಗಿಟ್ಟ. ಹಲಗಲಿಯ ಶಿಕ್ಷೆ, ಕೊಡಗಿನ ವಿನಾಯಿತಿ ಎರಡೂ ಒಂದೇ ನೀತಿಯ ಎರಡು ಮುಖಗಳು. ಕೋವಿ ಯಾರ ಕೈಯಲ್ಲಿದೆ ಎಂಬುದಷ್ಟೇ ಆಗ ಸರ್ಕಾರಕ್ಕೆ ಮುಖ್ಯವಾಗಿತ್ತು. ಅದರೊಳಗೆ ಏನು ತುಂಬುತ್ತಾರೆ ಎಂಬುದು ಸರ್ಕಾರದ ಹಿಡಿತಕ್ಕೆ ಸಿಗುವ ವಿಷಯವಾಗಿರಲಿಲ್ಲ.

ಮುಂದಿನ ಇಪ್ಪತ್ತು ವರ್ಷಗಳಲ್ಲಿ ತಂತ್ರಜ್ಞಾನ ಈ ಲೆಕ್ಕವನ್ನು ತಿರುವಿ ಹಾಕಿತು. 1866ರಲ್ಲಿ ಸ್ನೈಡರ್, 1871ರಲ್ಲಿ ಮಾರ್ಟಿನಿ-ಹೆನ್ರಿ ರೈಫಲ್ಲುಗಳು ಬ್ರಿಟಿಷ್ ಸೇನೆಗೆ ಬಂದವು. ಇವು ಹಿಂಬದಿಯಿಂದ ತೋಟೆ ಹಾಕುವ ಬಂದೂಕುಗಳು. ಗುಂಡು, ಮದ್ದು, ಕಿಡಿ ಹೊತ್ತಿಸುವ ಕೇಪು ಮೂರೂ ಒಂದೇ ಹಿತ್ತಾಳೆ ಕೋಶದೊಳಗೆ ಸೇರಿದ್ದವು. ಊರ ಕಮ್ಮಾರ ಕಷ್ಟಪಟ್ಟರೆ ಬಂದೂಕನ್ನು ನಕಲು ಮಾಡಬಲ್ಲ, ತೋಟೆಯನ್ನು ಮಾಡಲಾರ. ಹಿತ್ತಾಳೆಯನ್ನು ತೆಳ್ಳಗೆ ಎಳೆದು ಒಂದೇ ಅಳತೆಯ ಸಾವಿರಾರು ಕೋಶಗಳನ್ನು ಮಾಡಲು ಯಂತ್ರ ಬೇಕು, ಕೇಪಿನ ಸ್ಫೋಟಕಕ್ಕೆ ರಸಾಯನಶಾಲೆ ಬೇಕು. ಅಂಥ ಯಂತ್ರಗಳು ಇದ್ದದ್ದು ಸರ್ಕಾರದ ಬಳಿ, ಕಲ್ಕತ್ತೆಯ ಸಮೀಪದ ಡಮ್‌ಡಮ್‌ನಲ್ಲಿ ಮತ್ತು 1869ರಲ್ಲಿ ಪುಣೆಯ ಪಕ್ಕದಲ್ಲಿ ತೆರೆದ ಖಡ್ಕಿ ಕಾರ್ಖಾನೆಯಲ್ಲಿ. ಹೀಗೆ ಆಯುಧದ ಜೀವ ಕೋವಿಯಿಂದ ತೋಟೆಗೆ ಸರಿಯಿತು. ತೋಟೆಯೇ ಕೀಲಿಕೈ, ಕೋವಿ ಬರಿಯ ಬೀಗ ಎಂಬಂತಾಯಿತು. 1878ರಲ್ಲಿ ವೈಸ್‌ರಾಯ್ ಲಿಟ್ಟನ್ ಕಾಲದ ಶಸ್ತ್ರಾಸ್ತ್ರ ಕಾಯ್ದೆ ಭಾರತೀಯರಿಗೆ ಲೈಸೆನ್ಸ್ ಕಡ್ಡಾಯ ಮಾಡಿ ಯುರೋಪಿಯನ್ನರನ್ನು ಹೊರಗಿಟ್ಟದ್ದು ಎಲ್ಲರಿಗೂ ಗೊತ್ತು. ಅದರಷ್ಟು ಗಮನ ಸೆಳೆಯದೆ ಬೆಳೆದ ಇನ್ನೊಂದು ನೀತಿ ತೋಟೆಗೆ ಸಂಬಂಧಿಸಿದ್ದು. ಸೇನೆಯ ಉಗ್ರಾಣದಿಂದ ಕದ್ದ ತೋಟೆ ಹೊರಗಿನ ಯಾವ ಬಂದೂಕಿನಲ್ಲೂ ಕೂರಬಾರದು, ಹೊರಗಿನ ತೋಟೆ ಸೇನೆಯಿಂದ ಕದ್ದ ಬಂದೂಕಿಗೆ ಆಹಾರವಾಗಬಾರದು ಎಂಬುದು ಅದರ ಸಾರ.

ಈ ನೀತಿಯ ಅತ್ಯಂತ ಸ್ಪಷ್ಟ ಸಾಕ್ಷಿ 1907ರ ಸುಮಾರಿನ .450 ನಿಷೇಧ. 1898ರಲ್ಲಿ ಲಂಡನ್ನಿನ ಜಾನ್ ರಿಗ್ಬಿ ಕಂಪನಿ .450 ನೈಟ್ರೋ ಎಕ್ಸ್‌ಪ್ರೆಸ್ ಎಂಬ ತೋಟೆಯನ್ನು ಹೊರತಂದಿತ್ತು. 31 ಗ್ರಾಮಿನ ಗುಂಡನ್ನು ಸೆಕೆಂಡಿಗೆ ಸುಮಾರು 655 ಮೀಟರ್ ವೇಗದಲ್ಲಿ ಹೊಡೆಯುತ್ತಿದ್ದ ಈ ತೋಟೆ ಆನೆ, ಕಾಟಿಗಳ ಬೇಟೆಗೆ ಹೇಳಿಮಾಡಿಸಿದಂತಿತ್ತು. ಭಾರತದಲ್ಲಿದ್ದ ಬಿಳಿಯ ಬೇಟೆಗಾರರೂ ಸಂಸ್ಥಾನಿಕರೂ ಅದಕ್ಕೆ ಒಲಿದಿದ್ದರು. ತೊಡಕು ಬಂದದ್ದು ಹೆಸರಿನ ಅಳತೆಯಲ್ಲಿ. ಸೇನೆಯ ಮಾರ್ಟಿನಿ-ಹೆನ್ರಿಯೂ .450 ನಳಿಗೆಯದು, ಅಂಥ ಸಾವಿರಾರು ಬಂದೂಕುಗಳು ವಾಯವ್ಯ ಗಡಿಯ ಪಠಾಣರ ಕೈಯಲ್ಲೂ ಸುಡಾನಿನಲ್ಲೂ ಹರಡಿದ್ದವು. ಬೇಟೆಯ ಹೆಸರಿನಲ್ಲಿ ಬಂದ ಸರಕು ಆ ಬಂದೂಕುಗಳಿಗೆ ನೆರವಾದೀತೆಂದು ಹೆದರಿದ ಸರ್ಕಾರ ಭಾರತ ಮತ್ತು ಸುಡಾನಿನಲ್ಲಿ .450 ಅನ್ನೇ ನಿಷೇಧಿಸಿತು. ಇಂಗ್ಲೆಂಡಿನ ಬಂದೂಕು ತಯಾರಕರು ಸುಮ್ಮನೆ ಕೂರಲಿಲ್ಲ. ಕೆಲವೇ ವರ್ಷಗಳಲ್ಲಿ ಹಾಲೆಂಡ್ ಅಂಡ್ ಹಾಲೆಂಡ್ .465 ತಂದಿತು, ಜೋಸೆಫ್ ಲ್ಯಾಂಗ್ ರೂಪಿಸಿದ .470 ಬಂತು, .475ರಲ್ಲಿ ಎರಡು ಬಗೆ ಬಂದವು, ವೆಸ್ಟ್ಲಿ ರಿಚರ್ಡ್ಸ್ .476 ಮಾಡಿತು. .465ರ ಗುಂಡಿನ ತೂಕವೂ ವೇಗವೂ ನಿಷಿದ್ಧ .450ರದ್ದೇ; .470ರ ಗುಂಡು ಅದಕ್ಕಿಂತ ಸುಮಾರು ಒಂದು ಗ್ರಾಂ ಭಾರ, ವೇಗ ಅಷ್ಟೇ. ಆನೆಗೆ ಇವುಗಳ ನಡುವೆ ಯಾವ ವ್ಯತ್ಯಾಸವೂ ತಿಳಿಯುತ್ತಿರಲಿಲ್ಲ. ಬಂದರಿನ ಕಸ್ಟಮ್ಸ್ ಅಧಿಕಾರಿಗೆ ಮಾತ್ರ ತಿಳಿಯುತ್ತಿತ್ತು.

ಇಲ್ಲಿ ಒಂದು ಆಕ್ಷೇಪ ಸಹಜ. ತೋಟೆಗಳ ನಡುವೆ ನಿಜವಾದ ಗುಣಭೇದ ಇಲ್ಲವೇ, ಬೇಟೆಗಾರರು ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಿದ್ದು ಬರಿಯ ಕಾನೂನಿಗಾಗಿಯೇ? ಗುಣಭೇದ ಖಂಡಿತ ಇದೆ. ಕುಮಾವೂನಿನ ನರಭಕ್ಷಕಗಳ ಬೆನ್ನುಹತ್ತಿದ ಜಿಮ್ ಕಾರ್ಬೆಟ್ ಎರಡು ರೈಫಲ್ಲುಗಳನ್ನು ಇಟ್ಟುಕೊಂಡಿದ್ದಕ್ಕೆ ಅದೇ ಕಾರಣ. ಹಗುರವಾದ .275 ರಿಗ್ಬಿಯನ್ನು ಗುಡ್ಡಗಾಡಿನಲ್ಲಿ ದಿನವಿಡೀ ಹೊತ್ತು ನಡೆಯಬಹುದು, ಜೋಡುನಳಿಗೆಯ .450/.400 ಭಾರ, ಆದರೆ ಹತ್ತಿರದಿಂದ ಮೇಲೆ ಬೀಳುವ ಹುಲಿಯನ್ನು ಅಲ್ಲೇ ಕೆಡವಬಲ್ಲದು. ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ ನೆಚ್ಚಿಕೊಂಡಿದ್ದ .405 ವಿಂಚೆಸ್ಟರ್ ತನ್ನ ಭಾರದ ಗುಂಡಿಗೆ ಹೆಸರಾದ ಅಮೆರಿಕನ್ ತೋಟೆ. .275ಕ್ಕೂ .405ಕ್ಕೂ ಇರುವ ಅಂತರ ಭೌತಶಾಸ್ತ್ರದ್ದೇ, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ನನ್ನ ವಾದ ದೂರದ ತೋಟೆಗಳ ಬಗ್ಗೆ ಅಲ್ಲ, ನೆರೆಹೊರೆಯ ತೋಟೆಗಳ ಬಗ್ಗೆ. ಬೆರಳ ತುದಿಗೆ ತಿಳಿಯದಷ್ಟು ಸಣ್ಣ ಅಂತರದಲ್ಲಿ ಐದಾರು ತೋಟೆಗಳು ಒಟ್ಟಿಗೆ ಹುಟ್ಟಿದ್ದಕ್ಕೆ ಯಾವ ಪ್ರಾಣಿಯೂ ಕಾರಣವಾಗಲಾರದು. ಇನ್ನೊಂದು ಪುರಾವೆಯೂ ಉಂಟು. ನಿಷೇಧ ಮುಂದೆ ಸಡಿಲವಾದರೂ .450 ತನ್ನ ಹಳೆಯ ಸ್ಥಾನಕ್ಕೆ ಮರಳಲಿಲ್ಲ. ಅಷ್ಟರಲ್ಲಿ .470 ಮಾರುಕಟ್ಟೆಯನ್ನು ಹಿಡಿದಿತ್ತು, ಇಂದಿಗೂ ಜೋಡುನಳಿಗೆ ರೈಫಲ್ಲುಗಳಲ್ಲಿ ಅದಕ್ಕೇ ಹೆಚ್ಚಿನ ಬೇಡಿಕೆ. ಭಾರತ ಸರ್ಕಾರದ ಒಂದು ಭಯ ಆಫ್ರಿಕದ ಕಾಡುಗಳಲ್ಲಿ ಯಾವ ತೋಟೆ ಸಿಡಿಯಬೇಕೆಂಬುದನ್ನೂ ನಿರ್ಧರಿಸಿಬಿಟ್ಟಿತು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಇಷ್ಟೆಲ್ಲ ಮಾಡಿಯೂ ನಿಷೇಧದಿಂದ ಏನು ಉಪಯೋಗವಾಯಿತು? ಮಸ್ಕತ್‌ನಿಂದ ಮಕ್ರಾನ್ ಕರಾವಳಿಯ ಮೂಲಕ ಅಫ್ಘಾನಿಸ್ತಾನಕ್ಕೆ ಬಂದೂಕುಗಳ ಕಳ್ಳಸಾಗಣೆ ನಡೆದೇ ಇತ್ತು, ಅದನ್ನು ತಡೆಯಲು ಬ್ರಿಟಿಷ್ ನೌಕಾಪಡೆ ಪರ್ಷಿಯನ್ ಕೊಲ್ಲಿಯಲ್ಲಿ ವರ್ಷಗಟ್ಟಲೆ ಕಾವಲು ಕಾಯಬೇಕಾಯಿತು. ಕೋಹಾಟ್ ಕಣಿವೆಯ ಕುಶಲಕರ್ಮಿಗಳು ಸೇನೆಯ ರೈಫಲ್ಲುಗಳನ್ನು ಅಚ್ಚುಹೊಡೆದಂತೆ ನಕಲು ಮಾಡುತ್ತಿದ್ದರು. ಹೌದು, ಬಂದೂಕನ್ನು ತಡೆಯಲು ಸರ್ಕಾರಕ್ಕೆ ಆಗಲಿಲ್ಲ. ಆದರೆ ತೋಟೆಯ ಮೇಲಿನ ಹಿಡಿತ ಎಷ್ಟು ನಿರ್ಣಾಯಕ ಎಂಬುದನ್ನು ನಮ್ಮ ಕ್ರಾಂತಿಕಾರಿಗಳ ಇತಿಹಾಸವೇ ತೋರಿಸುತ್ತದೆ. 1914ರ ಆಗಸ್ಟ್‌ನಲ್ಲಿ ಕಲ್ಕತ್ತೆಯಲ್ಲಿ ಬಂದೂಕು ವ್ಯಾಪಾರದ ರೋಡಾ ಕಂಪನಿಯ ಸರಕಿನಿಂದ ಬಂಗಾಳದ ಕ್ರಾಂತಿಕಾರಿಗಳು 50 ಮೌಸರ್ ಪಿಸ್ತೂಲುಗಳನ್ನು ಅಪಹರಿಸಿದಾಗ ಅವುಗಳ ಜೊತೆಗೆ ಸುಮಾರು 46,000 ತೋಟೆಗಳೂ ಸಿಕ್ಕವು. ಮುಂದಿನ ವರ್ಷಗಳಲ್ಲಿ ಆ ಪಿಸ್ತೂಲುಗಳು ಬಂಗಾಳದ ಉದ್ದಗಲಕ್ಕೂ ಸದ್ದು ಮಾಡಿದವು. 1930ರ ಏಪ್ರಿಲ್ 18ರ ರಾತ್ರಿ ಚಿತ್ತಗಾಂಗಿನಲ್ಲಿ ಸೂರ್ಯ ಸೇನರ ತಂಡ ಶಸ್ತ್ರಾಗಾರಗಳನ್ನು ವಶಪಡಿಸಿಕೊಂಡಿತು. ರೈಫಲ್ಲುಗಳು ಸಿಕ್ಕವು, ಲೂಯಿಸ್ ಮೆಷಿನ್‌ಗನ್ನುಗಳೂ ಸಿಕ್ಕವು, ಅವುಗಳ ಮದ್ದುಗುಂಡು ಸಿಗಲಿಲ್ಲ. ಅಷ್ಟು ಧೈರ್ಯದಿಂದ ಗೆದ್ದ ಆಯುಧಗಳಿಂದ ಅವರಿಗೆ ಕಾದಾಡಲಾಗಲಿಲ್ಲ. ಕೋವಿಯನ್ನೂ ತೋಟೆಯನ್ನೂ ಬೇರೆಬೇರೆ ಬೀಗದೊಳಗೆ ಇಡುವ ಪದ್ಧತಿಯೂ, ಪ್ರಜೆಯ ತೋಟೆ ಸೇನೆಯ ತೋಟೆಗೆ ಹೊಂದದಂತೆ ಮಾಡುವ ನಿಯಮವೂ ಒಂದೇ ಯೋಚನೆಯಿಂದ ಹುಟ್ಟಿದವು. ಆ ಯೋಚನೆ ಸಾಮ್ರಾಜ್ಯದ ಮಟ್ಟಿಗೆ ವ್ಯರ್ಥವಾಗಿರಲಿಲ್ಲ.

ಸಾಮ್ರಾಜ್ಯ ಹೋದ ಮೇಲೂ ಈ ಯೋಚನೆ ಹೋಗಲಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಜನಾಂಗಭೇದದ ಹಳೆಯ ಕಾನೂನನ್ನು ತೆಗೆದುಹಾಕಿತು. ಆದರೆ ಅದರಡಿ ಬಂದು 2016ರವರೆಗೆ ಜಾರಿಯಲ್ಲಿದ್ದ 1962ರ ನಿಯಮಗಳ ಅನುಸೂಚಿಯನ್ನು ಓದಿದರೆ ಹಳೆಯ ತರ್ಕ ಹಾಗೇ ಉಳಿದದ್ದು ಕಾಣುತ್ತದೆ. ಅಲ್ಲಿ ನಿರ್ಬಂಧಿಸಿದ್ದು .303 ಅಥವಾ 7.62 ಮಿಲಿಮೀಟರ್ ರೈಫಲ್ಲುಗಳನ್ನು, ಜೊತೆಗೆ ಸೇನೆಯ ಆ ತೋಟೆಗಳನ್ನು ಒಳಗೆ ಕೂರಿಸಿಕೊಂಡು ಹಾರಿಸಬಲ್ಲ ಬೇರೆ ಯಾವ ಅಳತೆಯ ರೈಫಲ್ಲನ್ನೂ. .410 ಮಸ್ಕೆಟ್ ಕೂಡ ಆ ಪಟ್ಟಿಯಲ್ಲಿತ್ತು. ಇದು .303ರ ಹಿತ್ತಾಳೆ ಕೋಶವನ್ನೇ ನೇರವಾಗಿ ಬಿಟ್ಟು ಮಾಡಿದ ತೋಟೆಯನ್ನು ಬಳಸುವ, ಪೊಲೀಸರಿಗೂ ಕಾವಲುಗಾರರಿಗೂ ಕೊಟ್ಟಿದ್ದ ಬಂದೂಕು, ಅಂಗಡಿಯಲ್ಲಿ ಸಿಗುವ .410 ಶಾಟ್‌ಗನ್ ತೋಟೆಯೇ ಬೇರೆ. ಚೀನಾ ಯುದ್ಧದ ಆಸುಪಾಸಿನಲ್ಲಿ ನಮ್ಮ ಸೇನೆ .303ಯಿಂದ 7.62ಕ್ಕೆ ಹೊರಳಿತು, ಇಶಾಪುರದಲ್ಲಿ ಆ ತೋಟೆಯ ಎಸ್‌ಎಲ್‌ಆರ್ ರೈಫಲ್ ತಯಾರಾಗತೊಡಗಿತು. ನಿಷೇಧದ ಪಟ್ಟಿಯಲ್ಲಿ ಹಳೆಯ ಅಂಕಿಯ ಪಕ್ಕದಲ್ಲಿ ಹೊಸ ಅಂಕಿ ಕಾಣಿಸಿಕೊಂಡದ್ದು ಅದಕ್ಕೇ. ಈ ತರ್ಕದ ಕೊನೆಯ ಪರೀಕ್ಷೆ .30-06. ಅಮೆರಿಕದ ಸೇನೆ 1906ರಲ್ಲಿ ಒಪ್ಪಿಕೊಂಡು ಎರಡು ಮಹಾಯುದ್ಧಗಳಲ್ಲಿ ಬಳಸಿದ ತೋಟೆ ಅದು. ಅದರ ಗುಂಡಿನ ದಪ್ಪವೂ ನಿಷಿದ್ಧ 7.62ರ ಗುಂಡಿನ ದಪ್ಪವೂ ಒಂದೇ. 7.62ರ ಕೋಶದ ಉದ್ದ 51 ಮಿಲಿಮೀಟರ್, .30-06ರದ್ದು 63, ಮದ್ದು ಹಿಡಿಯುವುದೂ ಹೆಚ್ಚು, ಹೊಡೆತವೂ ತುಸು ಹೆಚ್ಚು. ಆದರೂ ಹೆಚ್ಚು ಬಲದ ತೋಟೆಗೆ ಸರ್ಕಾರಿ ಕಾರ್ಖಾನೆಯೇ ಪ್ರಜೆಗೆಂದು ರೈಫಲ್ ಮಾಡಿ ಮಾರುತ್ತದೆ, ಕಡಿಮೆ ಬಲದ್ದು ನಿಷಿದ್ಧ. ಬಲವೇ ಅಳತೆಗೋಲಾಗಿದ್ದರೆ ಇದು ತಲೆಕೆಳಗಾಗಬೇಕಿತ್ತು. ಸೇನೆಯ ಉಗ್ರಾಣದಲ್ಲಿ ಯಾವುದಿದೆ ಎಂಬುದೇ ಅಳತೆಗೋಲು ಎಂದು ಒಪ್ಪಿದರೆ ಎಲ್ಲವೂ ಸರಿಯಾಗಿ ಕೂರುತ್ತದೆ.

ವಸಾಹತುಶಾಹಿಯ ಭಯವನ್ನು ಗಣರಾಜ್ಯ ಏಕೆ ಹೊತ್ತುಕೊಂಡಿರಬೇಕು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ಆದರೆ ನಿಯಮದ ಹುಟ್ಟು ಕೆಟ್ಟದ್ದಾದ ಮಾತ್ರಕ್ಕೆ ಅದರ ಫಲವೂ ಕೆಟ್ಟದ್ದೇ ಆಗಬೇಕಿಲ್ಲ. ಸೇನೆ, ಪೊಲೀಸರ ತೋಟೆಗಳು ಖಾಸಗಿ ಬಂದೂಕುಗಳಿಗೆ ಹೊಂದದಿದ್ದರೆ ಅವನ್ನು ಕದಿಯುವುದರ ಲಾಭ ಕಡಿಮೆಯಾಗುತ್ತದೆ, ಕದ್ದದ್ದು ಸಿಕ್ಕಿದಾಗ ಎಲ್ಲಿಂದ ಬಂತೆಂದು ಹೇಳುವುದು ಸುಲಭವಾಗುತ್ತದೆ. ಬೇರೆ ದೇಶಗಳೂ ಇದೇ ದಾರಿ ಹಿಡಿದಿವೆ. ಸೇನೆಯ 9 ಮಿಲಿಮೀಟರ್ ಪಿಸ್ತೂಲು ತೋಟೆಯನ್ನು ಇಟಲಿ ಖಾಸಗಿಯವರಿಗೆ ನಿಷೇಧಿಸಿದ್ದರಿಂದಲೇ ಅದಕ್ಕಿಂತ ಎರಡು ಮಿಲಿಮೀಟರ್ ಉದ್ದದ ಕೋಶವಿರುವ 9×21 ಎಂಬ ತೋಟೆ ಅಲ್ಲಿ ಬಳಕೆಗೆ ಬಂತು. ಹಾಗಾಗಿ ನನ್ನ ತಕರಾರು ನಿಯಮದ ಮೇಲಲ್ಲ. ತಕರಾರು ಇರುವುದು ನಿಯಮದ ಬೆಲೆಯನ್ನು ಕೊಳ್ಳುವವರಿಗೆ ಬಿಡಿಸಿ ಹೇಳದಿರುವುದರ ಬಗ್ಗೆ. .315 ಇಂದು ಹೆಚ್ಚುಕಡಿಮೆ ಭಾರತ ಉಪಖಂಡದಲ್ಲಷ್ಟೇ ಜೀವಂತವಾಗಿರುವ ತೋಟೆ. ಅದನ್ನು ಹುಟ್ಟಿಸಿದ ಸಾಮ್ರಾಜ್ಯ 1918ರಲ್ಲೇ ಕಣ್ಮರೆಯಾಯಿತು. ಅದಕ್ಕೆ ಹೊಂದುವ ರೈಫಲ್ ಕೊಂಡವರು ಮುಂದೆಯೂ ಬಹುಮಟ್ಟಿಗೆ ಸರ್ಕಾರಿ ಕಾರ್ಖಾನೆಯ ಪೂರೈಕೆಯನ್ನೇ ನಂಬಿ ಬದುಕಬೇಕು. ರೈಫಲ್ ಮೂರು ತಲೆಮಾರು ಬಾಳುತ್ತದೆ. ತೋಟೆ ಬರುವುದು ನಿಂತ ದಿನ ಅದು ಗೋಡೆಯ ಅಲಂಕಾರ. ಬಾಯಿಂದ ಮದ್ದು ತುಂಬುವ ಕಾಲದಲ್ಲಿ ಕೊಟ್ಟ ಕೊಡಗಿನ ವಿನಾಯಿತಿಯೂ ಈ ಮಾತಿಗೆ ಹೊರತಲ್ಲ. ಕೈಲ್‌ಪೋಳ್ದ್ ಹಬ್ಬದಲ್ಲಿ ಪೂಜೆಗೊಳ್ಳುವ, ಪುತ್ತರಿ ಹಬ್ಬದಲ್ಲಿ ಗಾಳಿಗೆ ಸಿಡಿಯುವ ಕೋವಿಗೆ ಲೈಸೆನ್ಸ್ ಬೇಡದಿರಬಹುದು, ಅದು ತೋಟೆಕೋವಿಯಾಗಿದ್ದರೆ ತೋಟೆ ಕಾರ್ಖಾನೆಯಿಂದಲೇ ಬರಬೇಕು.

ಹೋಲುವ ಅಂಕಿಗಳು ಜೇಬಿಗಷ್ಟೇ ಅಲ್ಲ, ಜೀವಕ್ಕೂ ಅಪಾಯ ತರಬಲ್ಲವು. ತೋಟೆಯ ಹೆಸರಿನಲ್ಲಿರುವ ಅಂಕಿ ಗುಂಡಿನ ನಿಜವಾದ ಅಳತೆ ಎಂದು ನಂಬುವಂತಿಲ್ಲ. .303ರ ಗುಂಡಿನ ದಪ್ಪ ಸುಮಾರು .311 ಅಂಗುಲ, .315ರದ್ದು .323, .275 ರಿಗ್ಬಿಯದು .284. ಕೆಲವು ಹೆಸರುಗಳು ನಳಿಗೆಯೊಳಗಿನ ಸುರುಳಿ ಗೆರೆಗಳ ಉಬ್ಬಿನಿಂದ ಉಬ್ಬಿಗೆ ಅಳೆದವು, ಕೆಲವು ತಗ್ಗಿನಿಂದ ತಗ್ಗಿಗೆ ಅಳೆದವು, ಇನ್ನು ಕೆಲವು ಕಂಪನಿಯ ಪ್ರಚಾರಕ್ಕೆ ಇಟ್ಟವು. ಎರಡು ಹೆಸರು ಒಂದೇ ತೋಟೆಯದಾಗಿರಬಹುದು: ಕಾರ್ಬೆಟ್ಟರ .275 ರಿಗ್ಬಿ ಜರ್ಮನಿಯ 7×57 ಮೌಸರ್ ತೋಟೆಯೇ. ಒಂದೇ ಹೆಸರು ಎರಡು ತೋಟೆಗಳದ್ದೂ ಆಗಿರಬಹುದು: .450/.400 ಮೂರು ಅಂಗುಲದ ಕೋಶದಲ್ಲೂ ಮೂರೂಕಾಲು ಅಂಗುಲದ ಕೋಶದಲ್ಲೂ ಬಂದಿದೆ, ಒಂದಕ್ಕೆ ಇನ್ನೊಂದನ್ನು ಬಳಸುವಂತಿಲ್ಲ. ಬರೀ 8 ಮಿಲಿಮೀಟರ್ ಎಂಬ ಮಾತು ಇನ್ನೂ ಮೋಸದ್ದು. ನಮ್ಮ .315 ಒಂದು 8 ಮಿಲಿಮೀಟರ್, ಜರ್ಮನಿಯ 8×57 ಇನ್ನೊಂದು. ಆ 8×57ರಲ್ಲೂ 1888ರ ಗುಂಡಿಗಿಂತ 1905ರ ಗುಂಡು ದಪ್ಪ. ಹೊಸ ದಪ್ಪ ಗುಂಡನ್ನು ಹಳೆಯ ಬಿಗಿ ನಳಿಗೆಯಲ್ಲಿ ಹಾರಿಸಿದರೆ ಒತ್ತಡ ಮಿತಿಮೀರಿ ಬಂದೂಕೇ ಒಡೆಯಬಹುದು. ಕೈಬಂದೂಕಿನಲ್ಲೂ ಇದೇ ಗೊಂದಲ: .32 ರಿವಾಲ್ವರಿನ ತೋಟೆ ಉದ್ದದ, ಅಂಚುಳ್ಳ ಕೋಶದ್ದು; .32 ಪಿಸ್ತೂಲಿನದು 7.65 ಬ್ರೌನಿಂಗ್. ಅಂಕಿ ಒಂದೇ ಆದರೂ ಅವು ಬೇರೆಬೇರೆ ಮನೆಯವು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯ ಕಾಲವನ್ನು ಮುಗಿಸಿತು. ಅದು ಮುಗಿದದ್ದು ಒಳ್ಳೆಯದೇ ಆಯಿತು. ಈಗ ರೈಫಲ್ ಕೊಳ್ಳುವವರು ಕೊಳ್ಳುವುದು ಆತ್ಮರಕ್ಷಣೆಗೆ, ಗುರಿಸ್ಪರ್ಧೆಗೆ, ಇಲ್ಲವೇ ಮನೆತನದ ಸೊತ್ತನ್ನು ಉಳಿಸಿಕೊಳ್ಳುವುದಕ್ಕೆ. 2019ರ ತಿದ್ದುಪಡಿಯ ನಂತರ ಒಬ್ಬ ಲೈಸೆನ್ಸುದಾರ ಸಾಮಾನ್ಯವಾಗಿ ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲವಾದ್ದರಿಂದ ತಪ್ಪು ಆಯ್ಕೆಗೆ ತೆರಬೇಕಾದ ಬೆಲೆ ಮೊದಲಿಗಿಂತ ಹೆಚ್ಚು. ಕೊಳ್ಳುವ ಮುನ್ನ ಯಾವುದಕ್ಕೆ ಬಲ ಹೆಚ್ಚು ಎಂಬ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಮೂರು ಸಂಗತಿಗಳನ್ನು ಖಚಿತ ಮಾಡಿಕೊಳ್ಳಿ. ನಳಿಗೆಯ ಮೇಲೆ ಕೆತ್ತಿರುವ ತೋಟೆಯ ಪೂರ್ತಿ ಹೆಸರು ಲೈಸೆನ್ಸಿನಲ್ಲಿ ಬರೆದಿರುವುದಕ್ಕೆ ಅಕ್ಷರ ಅಕ್ಷರವೂ ಹೊಂದುತ್ತದೆಯೇ ನೋಡಿ. ಆ ತೋಟೆಯನ್ನು ಇಂದು ಮಾಡುವವರು ಯಾರು, ನಿಮ್ಮ ಊರಿನ ಅಂಗಡಿಗೆ ಅದು ಬರುತ್ತದೆಯೇ ಕೇಳಿ. ಅಜ್ಜನ ಕಾಲದ ರೈಫಲ್ಲಾದರೆ ಅಂಕಿಯನ್ನು ನಂಬದೆ ತಿಳಿದ ಕೋವಿ ರಿಪೇರಿಯವರಿಂದ ಚೇಂಬರ್ ಅಳೆಸಿ, ಆಮೇಲೆ ತೋಟೆ ತನ್ನಿ. ಈ ಮೂರಕ್ಕೂ ಸರಿಯಾದ ಉತ್ತರ ಸಿಗದ ರೈಫಲ್ ಎಷ್ಟೇ ಅಗ್ಗವಾದರೂ, ಎಷ್ಟೇ ಹೆಸರುವಾಸಿಯಾದರೂ ಕೊಳ್ಳಲು ಯೋಗ್ಯವಲ್ಲ.